ಯಾವ ಹಾವಿಗೆ ಅಂತ ಮೊದಲು ಕೇಳಿ

ಹೋದ ವಾರ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ನಮ್ಮೂರ ಕಡೆಯ ಹುಡುಗನೊಬ್ಬ ಬಂದ. ಅಮ್ಮನಿಗೆ ಬಿಪಿ ಮಾತ್ರೆ ತಗೊಂಡ. ದುಡ್ಡು ಕೊಟ್ಟ ಮೇಲೂ ಹೋಗಲಿಲ್ಲ. ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ.

"ಅಣ್ಣ, ಎಲ್ಲಾ ಹಾವಿಗೂ ಒಂದೇ ಔಷಧಿ ಕಂಡುಹಿಡಿದಿದ್ದಾರಂತೆ. ಅಮೆರಿಕಾದಲ್ಲಿ ಯಾರೋ ಇನ್ನೂರು ಸಲ ಹಾವಿನ ಕೈಲಿ ಕಚ್ಚಿಸ್ಕೊಂಡಿದ್ದಾನಂತೆ. ನಿಮ್ಮ ಅಂಗಡಿಗೆ ಯಾವಾಗ ಬರುತ್ತೆ? ಒಂದು ತಗೊಂಡು ಮನೇಲಿ ಇಟ್ಕೋತೀನಿ. ಜೋಳ ಮುರಿಯೋ ಟೈಮು ಬೇರೆ."

ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಹನ್ನೊಂದು ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಈ ಪ್ರಶ್ನೆ ನನಗೆ ಹೊಸದಲ್ಲ. ಮಳೆಗಾಲ ಶುರುವಾದರೆ ಸಾಕು, "ಹಾವಿನ ಇಂಜೆಕ್ಷನ್ ಇದೆಯಾ, ಒಂದು ಕೊಡಿ" ಅಂತ ಯಾರಾದರೂ ಬಂದೇ ಬರುತ್ತಾರೆ. ಇಲ್ಲ, ಅದು ಆಸ್ಪತ್ರೆಯಲ್ಲೇ ಹಾಕಬೇಕು, ಮನೆಯಲ್ಲಿ ಹಾಕಿದರೆ ಹಾವಿಗಿಂತ ಮೊದಲು ಇಂಜೆಕ್ಷನ್ನೇ ಪ್ರಾಣ ತೆಗೆಯಬಹುದು ಅಂತ ಹೇಳಿ ಕಳಿಸುತ್ತೇನೆ. ಈ ಹುಡುಗನಿಗೂ ಅದನ್ನೇ ಹೇಳಿದೆ. ಆದರೆ ಅವನು ತೋರಿಸಿದ ಸುದ್ದಿ ಸುಳ್ಳಲ್ಲ. ಅದಕ್ಕೇ ಉತ್ತರ ಕೊಡೋದು ಸ್ವಲ್ಪ ಕಷ್ಟವಾಯಿತು. "ಯಾವ ಹಾವಿಗೆ ಅಂತ ಅದರಲ್ಲಿ ಬರೆದಿದೆಯಾ ನೋಡು" ಅಂದೆ. ಅವನು ಸ್ಕ್ರಾಲ್ ಮಾಡಿದ, ಮಾಡಿದ. ಸಿಗಲಿಲ್ಲ.

ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಬಂದಿದ್ದು ಕಾಲೇಜಿನಿಂದಲ್ಲ, ನಮ್ಮ ಚಿಕ್ಕಪ್ಪನಿಂದ.

ಎರಡು ವರ್ಷದ ಹಿಂದಿನ ಮಾತು. ಕಡ್ಲೆಕಾಯಿ ಗಿಡ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ದರು. ಸಂಜೆ ಮೋಡ ಕಟ್ಟಿತು. ಮಳೆ ಬಿದ್ದರೆ ಎಲ್ಲಾ ಕಪ್ಪಾಗುತ್ತೆ ಅಂತ ಚಿಕ್ಕಪ್ಪ ಟಾರ್ಪಾಲ್ ಹೊದಿಸೋಕೆ ಓಡಿದರು. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಬ್ಯಾಟರಿ ಇಲ್ಲ. ಗುಡ್ಡೆಯ ಬುಡದಲ್ಲಿ ಕುಕ್ಕರ್‌ನಿಂದ ಹಬೆ ಬಿಟ್ಟ ಹಾಗೆ ಸದ್ದು ಬಂತಂತೆ. ಅದು ಕಿವಿಗೆ ಬೀಳೋದಕ್ಕೂ ಹಿಮ್ಮಡಿಯ ಮೇಲೆ ಚುಚ್ಚಿದ ಹಾಗಾಗೋದಕ್ಕೂ ಸರಿಹೋಯಿತು. ನಮ್ಮ ಕಡೆ ಆಂಧ್ರದ ಗಡಿ ಹತ್ತಿರ, ಮನೆಮಾತು ಅರ್ಧ ತೆಲುಗು. ಹಾಗಾಗಿ ಚಿಕ್ಕಪ್ಪ ಮನೆಗೆ ಕುಂಟಿಕೊಂಡು ಬಂದು ಹೇಳಿದ್ದು ಒಂದೇ ಮಾತು: "ರಕ್ತಪಿಂಜರ." ಕನ್ನಡದಲ್ಲಿ ಕೊಳಕುಮಂಡಲ. ಮೈಮೇಲೆ ಸರಪಳಿ ಹಾಗೆ ಕಂದು ಮಚ್ಚೆ, ದಪ್ಪ ಮೈ. ಮುಟ್ಟದಿದ್ದರೆ ಸುಮ್ನೆ ಬಿದ್ದಿರುತ್ತೆ. ತುಳಿದರೆ ಮಾತ್ರ ಬಿಡಲ್ಲ.

ಆಮೇಲೆ ನಡೆದದ್ದು ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ. ಯಾರೋ ಟವಲಿನಿಂದ ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದರು. ಇನ್ಯಾರೋ ಪಕ್ಕದೂರಲ್ಲಿ ಸೊಪ್ಪಿನ ರಸ ಕೊಡುವವರಿದ್ದಾರೆ ಅಂದರು. ನಾನು ಅಂಗಡಿಯಲ್ಲಿದ್ದೆ. ನನಗೆ ಫೋನ್ ಬರುವಷ್ಟರಲ್ಲಿ ನಲವತ್ತು ನಿಮಿಷ ಆ ರಸಕ್ಕೇ ಹೋಗಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ಡಾಕ್ಟರ್ ಇರಲಿಲ್ಲ. ಹಾವಿನ ಇಂಜೆಕ್ಷನ್ ಎರಡೇ ಎರಡು ವಯಲ್ ಇತ್ತು. ನರ್ಸಮ್ಮ ಪಾಪ ಟಿಟಿ ಹಾಕಿ, ಟವಲ್ ನಿಧಾನ ಸಡಿಲ ಮಾಡಿ, "ಇಲ್ಲಿ ಕೂತ್ಕೋಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ" ಅಂದರು. ಅಲ್ಲಿಂದ ಇನ್ನೊಂದು ಕಡೆ. ಆರೂಕಾಲಿಗೆ ಕಚ್ಚಿದ್ದು, ಸರಿಯಾದ ಜಾಗಕ್ಕೆ ತಲುಪಿದಾಗ ಒಂಬತ್ತೂವರೆ.

ಅಲ್ಲಿ ನೋಡಿದ ಒಂದು ಪರೀಕ್ಷೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ಮೆಷಿನ್ನೂ ಇಲ್ಲ. ಒಣಗಿದ ಹೊಸ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡುತ್ತಾರೆ. ಅಷ್ಟೇ. ಟ್ಯೂಬನ್ನು ಸೋಪಲ್ಲಿ ತೊಳೆದಿರಬಾರದು, ತೊಳೆದರೆ ಫಲಿತಾಂಶ ತಪ್ಪಾಗುತ್ತೆ. ಗೋಡೆ ಗಡಿಯಾರ ನೋಡಿಕೊಂಡು ನಿಂತಿದ್ದೆವು. ಇಪ್ಪತ್ತು ನಿಮಿಷ ಆದ ಮೇಲೆ ಡಾಕ್ಟರ್ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿದರು. ನಮ್ಮ ನಿಮ್ಮ ರಕ್ತವಾಗಿದ್ದರೆ ಮೊಸರಿನ ಹಾಗೆ ಗಟ್ಟಿಯಾಗಿ ಕೂತಿರಬೇಕಿತ್ತು. ಚಿಕ್ಕಪ್ಪನ ರಕ್ತ ಟೀ ಬಗ್ಗಿಸಿದ ಹಾಗೆ ಹರಿಯಿತು.

ಮಂಡಲದ ವಿಷ ಮಾಡುವ ಕೆಲಸ ಅದು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸೋಕೆ ಅಂತ ಮೈಯಲ್ಲಿ ಕೆಲವು ಪ್ರೋಟೀನ್ ಇರುತ್ತವೆ. ವಿಷ ಅವನ್ನೆಲ್ಲಾ ಒಟ್ಟಿಗೆ ಕೆರಳಿಸಿ ಖರ್ಚು ಮಾಡಿಸಿಬಿಡುತ್ತೆ. ಆಮೇಲೆ ನಿಜವಾಗಿ ಬೇಕಾದಾಗ ಏನೂ ಉಳಿದಿರಲ್ಲ. ಒಸಡಿನಿಂದ ರಕ್ತ, ಮೂತ್ರದಲ್ಲಿ ರಕ್ತ, ಕೊನೆಗೆ ಕಿಡ್ನಿ. (ಇದೇ ವಿಷವನ್ನು ತೀರಾ ತೆಳು ಮಾಡಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಲ್ಯಾಬುಗಳಲ್ಲಿ ಬಳಸುತ್ತಾರೆ. ಕೊಲ್ಲೋದು ಅದೇ, ಕಾಯಿಲೆ ಕಂಡುಹಿಡಿಯೋದೂ ಅದೇ.)

ಹತ್ತು ವಯಲ್ ಎಎಸ್‌ವಿ, ಅಂದರೆ ಅದೇ ಹಾವಿನ ಇಂಜೆಕ್ಷನ್, ಹಾಕಬೇಕು ಅಂದರು. ಯಾಕೆ ಹತ್ತು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಮಂಡಲ ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತೆ ಅಂತ ಅಂದಾಜು. ನಮ್ಮ ದೇಶದ ಎಎಸ್‌ವಿ ಒಂದು ಮಿಲಿಲೀಟರ್‌ಗೆ 0.6 ಮಿಲಿಗ್ರಾಂ ಮಂಡಲದ ವಿಷವನ್ನು ತಡೆಯಬೇಕು. ಒಂದು ವಯಲ್ಲಿಗೆ ಹತ್ತು ಮಿಲಿ, ಅಂದರೆ ಆರು ಮಿಲಿಗ್ರಾಂ. ಹತ್ತು ವಯಲ್ ಹಾಕಿದರೆ ಹೆಚ್ಚೂಕಡಿಮೆ ಸರಿಹೋಗುತ್ತೆ. ವಯಲ್ಲಿನಲ್ಲಿರೋದು ಬಿಳಿ ಪುಡಿ. ಅದಕ್ಕೆ ನೀರು ಹಾಕಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತೆ, ಹಾಗಾಗಿ ಅಂಗೈಗಳ ನಡುವೆ ಇಟ್ಟು ನಿಧಾನಕ್ಕೆ ಹೊರಳಿಸಬೇಕು. ಒಬ್ಬರೇ ನರ್ಸ್. ಹತ್ತು ವಯಲ್. ನಾನೂ ಫಾರ್ಮಸಿಸ್ಟ್ ಅಂತ ಹೇಳಿ ನಾಲ್ಕು ಕೈಗೆ ತಗೊಂಡು ಹೊರಳಿಸುತ್ತಾ ಕೂತೆ. ಓದುವಾಗ ಈ ವಯಲ್ಲಿನ ಬಗ್ಗೆ ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದೆ. ಪುಡಿ ಕರಗೋಕೆ ಇಷ್ಟು ಹೊತ್ತು ಹಿಡಿಯುತ್ತೆ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ.

ಡ್ರಿಪ್ ಶುರುವಾಗಿ ಕಾಲು ಗಂಟೆಗೆ ಚಿಕ್ಕಪ್ಪನ ಮೈಯೆಲ್ಲಾ ದದ್ದು ಎದ್ದು ಚಳಿಜ್ವರ ಬಂದವರ ಹಾಗೆ ನಡುಗಿದರು. ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಸರಿಹೋದ ಮೇಲೆ ಮತ್ತೆ ಶುರು ಮಾಡಿದರು. ಮನೆಯಲ್ಲಿ ಇಟ್ಟುಕೊಂಡು ಹಾಕಿಕೊಳ್ಳೋಕೆ ಆಗಲ್ಲ ಅಂತ ನಾನು ಬಡಕೊಳ್ಳೋದು ಇದಕ್ಕೇ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಪರೀಕ್ಷೆ, ರಕ್ತ ಇನ್ನೂ ಗಟ್ಟಿಯಾಗಲಿಲ್ಲ, ಮತ್ತೆ ಹತ್ತು ವಯಲ್. ನಾಲ್ಕು ಸಲ ಡಯಾಲಿಸಿಸ್. ಹದಿನಾಲ್ಕನೇ ದಿನ ಮನೆಗೆ ಬಂದರು. ಬದುಕಿದ್ದಾರೆ. ಹಿಮ್ಮಡಿ ಮೇಲೆ ಹುಣಸೆಬೀಜದಷ್ಟು ಗಾಯದ ಕಲೆ ಇದೆ. ಕಿಡ್ನಿ ಹೇಗಿದೆ ಅಂತ ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಬೇಕು.

ಈಗ ಆ ಬಿಳಿ ಪುಡಿಯ ವಿಷಯಕ್ಕೆ ಬರೋಣ. ಅದನ್ನು ಮಾಡುವ ಕ್ರಮ ಕೇಳಿದರೆ ಇದು ಯಾವ ಕಾಲದ್ದು ಅನ್ನಿಸುತ್ತೆ, ಅಲ್ವಾ? ನಿಜವಾಗಿಯೂ ಹಳೇ ಕಾಲದ್ದೇ. 1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯರು ಕಂಡುಕೊಂಡ ದಾರಿ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾ ಹೋಗೋದು. ಕುದುರೆಯ ಮೈ ಅದಕ್ಕೆ ಪ್ರತಿಕಾಯ, ಅಂದರೆ ವಿಷವನ್ನು ಹಿಡಿದು ತಡೆಯುವ ಪ್ರೋಟೀನ್ ಮಾಡಿಕೊಳ್ಳುತ್ತೆ. ಕುದುರೆಯ ರಕ್ತ ತೆಗೆದು, ಅದರಿಂದ ಆ ಪ್ರತಿಕಾಯವನ್ನು ಬೇರೆ ಮಾಡಿ, ಪೆಪ್ಸಿನ್ ಎಂಬ ಕಿಣ್ವ (ಎಂಜೈಮ್) ಹಾಕಿ ಕತ್ತರಿಸಿ, ಶುದ್ಧ ಮಾಡಿ, ಒಣಗಿಸಿ ವಯಲ್ಲಿಗೆ ತುಂಬೋದು. ಈಗ ಶುದ್ಧ ಮಾಡುವ ವಿಧಾನ ಸುಧಾರಿಸಿದೆ. ಬುಡ ಮಾತ್ರ ಅದೇ ಕುದುರೆ. ಕುದುರೆ ತನ್ನ ಜೀವಮಾನದಲ್ಲಿ ಎಷ್ಟೋ ರೋಗಾಣುಗಳ ವಿರುದ್ಧ ಪ್ರತಿಕಾಯ ಮಾಡಿಕೊಂಡಿರುತ್ತೆ. ಅವೂ ವಯಲ್ಲಿಗೆ ಬರುತ್ತವೆ. ಅಂದರೆ ನಾವು ಹಾಕಿಸಿಕೊಳ್ಳೋದರಲ್ಲಿ ವಿಷವನ್ನು ಹಿಡಿಯುವ ಪಾಲು ಕಡಿಮೆ, ಬಾಕಿಯದೆಲ್ಲಾ ಸುಮ್ನೆ ಕುದುರೆ ಪ್ರೋಟೀನ್. ಚಿಕ್ಕಪ್ಪ ನಡುಗಿದ್ದು ಅದರಿಂದಲೇ.

ಭಾರತದ ಎಎಸ್‌ವಿ ನಾಲ್ಕು ಹಾವಿಗೆ ಮಾಡಿದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರು ಎಂಬ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದದ್ದು, ಮಹಾಬಲಿಪುರಂ ಕಡೆ ಹೋಗುವ ದಾರಿಯಲ್ಲಿದೆ. ಇರುಳರು ಹಾವು ಹಿಡಿದು ತಂದು, ಮಡಕೆಯಲ್ಲಿಟ್ಟು, ಮೂರು ನಾಲ್ಕು ವಾರದಲ್ಲಿ ನಾಲ್ಕು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ಕೈಗಳಿಲ್ಲದಿದ್ದರೆ ದೇಶದಲ್ಲಿ ಎಎಸ್‌ವಿ ಸಿಗೋದೇ ಕಷ್ಟ.

ತೊಂದರೆ ಇರೋದೂ ಇಲ್ಲೇ. ತಮಿಳುನಾಡಿನ ಮಂಡಲದ ವಿಷ, ನಮ್ಮ ಕಡೆಯ ಮಂಡಲದ ವಿಷ, ಪಂಜಾಬಿನ ಮಂಡಲದ ವಿಷ ಎಲ್ಲಾ ಒಂದೇನಾ? ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಇದರ ಹಿಂದೆ ಬಿದ್ದಿದೆ. 2025ರಲ್ಲಿ ಅವರ ಒಂದು ಅಧ್ಯಯನ ಬಂತು. ದೇಶದ 34 ಜಾಗಗಳಿಂದ 115 ಕೊಳಕುಮಂಡಲಗಳ ವಿಷ ತಂದು ಪರೀಕ್ಷಿಸಿದ್ದರು. ವಿಷದ ಗುಣ ಊರಿಂದ ಊರಿಗೆ ಬೇರೆ, ಆ ವ್ಯತ್ಯಾಸಕ್ಕೆ ಅಲ್ಲಿನ ಮಳೆ ಬಿಸಿಲೂ ಒಂದಷ್ಟು ಕಾರಣ ಅಂತ ಗೊತ್ತಾಯಿತು. ಒಣ ಪ್ರದೇಶದ ಹಾವುಗಳಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವದ ಕೆಲಸ ಜಾಸ್ತಿ. ನಮ್ಮದು ಒಣ ಪ್ರದೇಶ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಬೋರ್‌ವೆಲ್ ಕೊರೆಸಿದವರನ್ನು ಕೇಳಿ.

ಇದು ಹೊಸ ಜ್ಞಾನವೂ ಅಲ್ಲ. ಕಾಲ್ಮೆಟ್ ತಾನು ಮಾಡಿದ ನಾಗರಹಾವಿನ ಸೀರಂ ಬೇರೆ ಹಾವಿಗೂ ನಡೆಯುತ್ತೆ ಅಂದುಕೊಂಡಿದ್ದರು. ಬ್ರೆಜಿಲ್‌ನಲ್ಲಿ ವೈಟಲ್ ಬ್ರೆಜಿಲ್ ಎಂಬ ವೈದ್ಯರು (ಹೌದು, ಹೆಸರೇ ಹಾಗೆ) ನಮ್ಮ ದೇಶದ ಹಾವಿಗೆ ಇದು ನಡೆಯಲ್ಲ ಅಂತ ಪ್ರಯೋಗ ಮಾಡಿ ತೋರಿಸಿದರು. ನೂರಿಪ್ಪತ್ತು ವರ್ಷದ ಹಿಂದೆಯೇ ಒಬ್ಬ ಮನುಷ್ಯ "ಯಾವ ಹಾವಿಗೆ?" ಅಂತ ಕೇಳಿದ್ದ. ನಾವು ಇವತ್ತಿಗೂ ವಾಟ್ಸಾಪಲ್ಲಿ ಅದನ್ನು ಕೇಳದೆ ಫಾರ್ವರ್ಡ್ ಮಾಡುತ್ತಿದ್ದೇವೆ.

ಹುಡುಗ ತೋರಿಸಿದ ಸುದ್ದಿ ಇದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟಿಮ್ ಫ್ರೀಡ್ ಅಂತ ಒಬ್ಬ, ಮೊದಲು ಲಾರಿ ಮೆಕ್ಯಾನಿಕ್. ಹದಿನೆಂಟು ವರ್ಷ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡ, ಇನ್ನೂರಕ್ಕೂ ಹೆಚ್ಚು ಸಲ ಕಚ್ಚಿಸಿಕೊಂಡ. ಅಂದರೆ ಕುದುರೆಯ ಕೆಲಸವನ್ನು ತಾನೇ ಮಾಡಿದ. (ದಯವಿಟ್ಟು ಯಾರೂ ಇದನ್ನು ಪ್ರಯತ್ನ ಮಾಡಬೇಡಿ. ಶುರುವಿನಲ್ಲಿ ಅವನೇ ಎರಡು ನಾಗರಹಾವಿನ ಕಡಿತಕ್ಕೆ ಸಾವಿನ ಬಾಗಿಲು ತಟ್ಟಿ ಬಂದವನು.) ಜೇಕಬ್ ಗ್ಲಾನ್‌ವಿಲ್ ಎಂಬ ವಿಜ್ಞಾನಿ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕ್ವಾಂಗ್ ಅವರ ತಂಡ ಅವನ ರಕ್ತದಿಂದ ಎರಡು ಪ್ರತಿಕಾಯ ಹುಡುಕಿ ತೆಗೆದು, ಜೊತೆಗೆ ವರೆಸ್ಪ್ಲಾಡಿಬ್ ಎಂಬ ಔಷಧಿ ಸೇರಿಸಿ, 2025ರ ಮೇನಲ್ಲಿ ಫಲಿತಾಂಶ ಪ್ರಕಟಿಸಿತು. 19 ಜಾತಿಯ ಹಾವುಗಳ ವಿಷದ ಎದುರು ಇಲಿಗಳನ್ನು ಪರೀಕ್ಷಿಸಿದರು. 13ಕ್ಕೆ ಪೂರ್ತಿ ರಕ್ಷಣೆ, ಬಾಕಿಯದಕ್ಕೆ ಅರೆಬರೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಆ 19 ಹಾವೂ ನಾಗರಹಾವು, ಕಟ್ಟುಹಾವು, ಮಾಂಬಾ ಇವುಗಳ ಕುಟುಂಬದ್ದು. ಮಂಡಲದ ಕುಟುಂಬದ್ದು ಒಂದೂ ಇಲ್ಲ. ಇಲಿ ಅನ್ನೋದನ್ನೂ ಮರೆಯಬೇಡಿ.

ಅದೇ ವರ್ಷ ಜನವರಿಯಲ್ಲಿ ಇನ್ನೊಂದು ಬಂದಿತ್ತು. 2024ರ ರಸಾಯನ ವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಡೇವಿಡ್ ಬೇಕರ್ ಅವರ ತಂಡ, ಡೆನ್ಮಾರ್ಕಿನವರ ಜೊತೆ ಸೇರಿ, ಕಂಪ್ಯೂಟರಿನಲ್ಲೇ ಪುಟ್ಟ ಪ್ರೋಟೀನುಗಳನ್ನು ವಿನ್ಯಾಸ ಮಾಡಿತು. ಬೀಗಕ್ಕೆ ಕೀಲಿ ಮಾಡಿಸಿದ ಹಾಗೆ ವಿಷದ ಒಂದು ಭಾಗಕ್ಕೆ ಸರಿಯಾಗಿ ಕೂರುವ ಪ್ರೋಟೀನ್. ಇದಕ್ಕೆ ಕುದುರೆ ಬೇಡ. ಬ್ಯಾಕ್ಟೀರಿಯಾದಲ್ಲಿ ಬೆಳೆಸಬಹುದು, ಬೆಲೆಯೂ ಇಳಿಯಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಆದರೆ ಯಾವ ಹಾವಿಗೆ? ಮೂರು ಬೆರಳಿನ ಆಕಾರದ ವಿಷಕ್ಕೆ, ಅಂದರೆ ಮತ್ತೆ ನಾಗರಹಾವಿನ ಕುಟುಂಬಕ್ಕೆ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ನಮ್ಮ ವಿಜ್ಞಾನ ಸಂಸ್ಥೆಯವರೂ ಸೇರಿ ಮಾಡಿದ 95ಮ್ಯಾಟ್5 ಎಂಬ ಪ್ರತಿಕಾಯ? ಅದೂ ಅದೇ ಜಾತಿಯ ನರವಿಷಕ್ಕೆ.

ಇದರಲ್ಲಿ ಮೋಸವೇನೂ ಇಲ್ಲ. ನರವಿಷದ ಮುಖ್ಯ ಭಾಗ ಚಿಕ್ಕದು, ಹಾವಿಂದ ಹಾವಿಗೆ ಒಂದಷ್ಟು ಹೋಲುತ್ತೆ, ಒಂದು ಕೀಲಿ ಹಲವು ಬೀಗಕ್ಕೆ ಕೂರುತ್ತೆ. ಮಂಡಲದ ವಿಷ ಹಾಗಲ್ಲ. ರಕ್ತ ಕೆಡಿಸೋದೊಂದು, ಮಾಂಸ ಕೊಳೆಸೋದೊಂದು, ಕಿಡ್ನಿಗೆ ಹೋಗೋದೊಂದು, ಎಲ್ಲಾ ಸೇರಿದ ಸಂತೆ ಅದು. ವಿಜ್ಞಾನಿಗಳು ಸುಲಭದ ಕಡೆಯಿಂದ ಶುರು ಮಾಡಿದ್ದಾರೆ. ಯಾರಾದರೂ ಹಾಗೇ ಮಾಡುತ್ತಿದ್ದರು. ನನ್ನ ತಕರಾರು ತಲೆಬರಹದ ಮೇಲೆ. "ಎಲ್ಲಾ ಹಾವಿಗೂ" ಅಂತ ಬರೆದವರಿಗೆ ನಮ್ಮ ಕಡ್ಲೆಕಾಯಿ ಹೊಲ ಗೊತ್ತಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ, ವರ್ಷಕ್ಕೆ ಸರಾಸರಿ 58 ಸಾವಿರ ಅಂತ 2020ರಲ್ಲಿ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಅದರಲ್ಲೇ ಹಳೆಯ ವರದಿಗಳನ್ನು ಒಟ್ಟುಮಾಡಿ ಯಾವ ಹಾವು ಎಷ್ಟು ಕಚ್ಚುತ್ತೆ ಅಂತಲೂ ನೋಡಿದ್ದರು. ಕೊಳಕುಮಂಡಲ ಶೇಕಡಾ 43. ಕಟ್ಟುಹಾವು 18. ನಾಗರಹಾವು 12.

ವಿದುರಾಶ್ವತ್ಥ ನಮಗೆ ಹತ್ತಿರ. ಅಲ್ಲಿ ದೇವಸ್ಥಾನದ ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಮಕ್ಕಳಾಗಲಿ ಅಂತ, ದೋಷ ಹೋಗಲಿ ಅಂತ ತಲೆಮಾರುಗಳಿಂದ ಜನ ಪ್ರತಿಷ್ಠೆ ಮಾಡಿಸಿದ್ದು. ಒಂದು ಹೆಡೆ, ಐದು ಹೆಡೆ, ಏಳು ಹೆಡೆ, ಎರಡು ಹಾವು ಹೆಣೆದುಕೊಂಡಿದ್ದು. ಚಿಕ್ಕಪ್ಪ ಹುಷಾರಾದ ಮೇಲೆ ಚಿಕ್ಕಮ್ಮ ಹರಕೆ ತೀರಿಸೋಕೆ ಕರೆದುಕೊಂಡು ಹೋದರು, ನಾನೂ ಹೋಗಿದ್ದೆ. ಚಿಕ್ಕಪ್ಪ ಸಾಲುಸಾಲು ಕಲ್ಲು ನೋಡುತ್ತಾ ಮೆಲ್ಲಗೆ ನನ್ನ ಕಿವಿಯಲ್ಲಿ, "ಕಚ್ಚಿದ್ದು ಅದು, ಹಾಲೆರೆಯೋದು ಇದಕ್ಕೆ" ಅಂದರು. ಚಿಕ್ಕಮ್ಮನಿಗೆ ಕೇಳಿಸಿತು. ಮನೆಗೆ ಬರುವ ತನಕ ಮಾತಾಡಲಿಲ್ಲ. ಈಗ ಸಂಶೋಧನೆಯ ಸುದ್ದಿ ಓದಿದಾಗೆಲ್ಲಾ ನನಗೆ ಆ ಮಾತೇ ನೆನಪಾಗುತ್ತೆ.

ಹಾಗಾದರೆ ಮಂಡಲಕ್ಕೆ ಏನೂ ನಡೀತಿಲ್ವಾ? ನಡೀತಿದೆ. ಅದು ಇಷ್ಟು ಬೆಡಗಿನ ಸುದ್ದಿಯಲ್ಲ, ಅಷ್ಟೇ. ಮೇಲೆ ವರೆಸ್ಪ್ಲಾಡಿಬ್ ಅಂದೆನಲ್ಲ, ಅದರ ಕಥೆ ಕೇಳಿ.

2001ರ ಸೆಪ್ಟೆಂಬರ್‌ನಲ್ಲಿ ಜೋ ಸ್ಲೊವಿನ್‌ಸ್ಕಿ ಎಂಬ ಅಮೆರಿಕದ ಹಾವು ತಜ್ಞ ಮ್ಯಾನ್ಮಾರ್‌ನ ಕಾಡಿನಲ್ಲಿ ಚೀಲದೊಳಗೆ ಕೈ ಹಾಕಿದಾಗ ಪುಟ್ಟ ಕಟ್ಟುಹಾವು ಕಚ್ಚಿತು. ಆಸ್ಪತ್ರೆ ದೂರ, ಹೆಲಿಕಾಪ್ಟರ್ ಬರಲಿಲ್ಲ. ಉಸಿರಾಟದ ಸ್ನಾಯು ನಿಂತ ಮೇಲೆ ಜೊತೆಯವರು ಸರದಿ ಮೇಲೆ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರು ಊದಿದರು. ಆದರೂ ಮಾರನೇ ದಿನ ಸ್ಲೊವಿನ್‌ಸ್ಕಿ ತೀರಿಕೊಂಡರು. ಸ್ಲೊವಿನ್‌ಸ್ಕಿ ಕೆಲಸ ಮಾಡುತ್ತಿದ್ದ ಸಂಸ್ಥೆಯ ಜೊತೆ ನಂಟಿದ್ದ ಮ್ಯಾಥ್ಯೂ ಲೆವಿನ್ ಎಂಬ ತುರ್ತು ಚಿಕಿತ್ಸೆಯ ವೈದ್ಯರಿಗೆ ಈ ಸಾವು ತಲೆಯಲ್ಲಿ ಕೊರೆಯುತ್ತಾ ಇತ್ತು. ಫ್ರಿಜ್ ಬೇಡ, ಡ್ರಿಪ್ ಬೇಡ, ಜೇಬಿನಲ್ಲಿ ಇಟ್ಟುಕೊಳ್ಳುವ ಮಾತ್ರೆ ಯಾಕಿರಬಾರದು? ಹುಡುಕಿದಾಗ ಸಿಕ್ಕಿದ್ದು ಬೇರೆ ಕಾಯಿಲೆಗೆ ಮಾಡಿ ಸೋತ ಔಷಧಿ. ಹೃದಯದ ಕಾಯಿಲೆಗೆ ಅಂತ ವರೆಸ್ಪ್ಲಾಡಿಬ್ ಅನ್ನು ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಉಪಯೋಗವಾಗುವ ಬದಲು ಹಾರ್ಟ್ ಅಟ್ಯಾಕ್ ಜಾಸ್ತಿ ಕಂಡಿದ್ದರಿಂದ 2012ರಲ್ಲಿ ನಿಲ್ಲಿಸಿಬಿಟ್ಟರು. ಆದರೆ ಅದು ತಡೆಯುತ್ತಿದ್ದ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಮಂಡಲದ ವಿಷದಲ್ಲೂ ಇದೆ, ಕಟ್ಟುಹಾವಿನ ವಿಷದಲ್ಲೂ ಇದೆ. ಹೃದಯಕ್ಕೆ ಹದಿನಾರು ವಾರ ಕೊಟ್ಟು ನೋಡಿದ್ದರು. ಹಾವಿಗೆ ಕೆಲವೇ ದಿನ ಸಾಕು.

ನಮ್ಮ ಕಸುಬಿನಲ್ಲಿ ಇದನ್ನು ಹಳೇ ಔಷಧಿಗೆ ಹೊಸ ಕೆಲಸ ಅನ್ನಬಹುದು. ಇಂಗ್ಲೆಂಡಿನ ಲಿವರ್‌ಪೂಲ್‌ನವರು 2020ರಲ್ಲಿ ಕ್ಯಾನ್ಸರಿಗೆ ಮಾಡಿ ಸೋತಿದ್ದ ಮಾರಿಮಾಸ್ಟಾಟ್ ಅನ್ನು ಇದರ ಜೊತೆ ಸೇರಿಸಿದರು. ಮಂಡಲ ಜಾತಿಯ ಹಾವುಗಳ ವಿಷದ ಎದುರು ಇಲಿಗಳು ಉಳಿದವು. ಆ ಪಟ್ಟಿಯಲ್ಲಿ ನಮ್ಮ ಕೊಳಕುಮಂಡಲವೂ ಇತ್ತು, ಗರಗಸಮಂಡಲವೂ ಇತ್ತು. ಓದಿದ ದಿನ ನನಗಾದ ಖುಷಿ ಹೇಳತೀರದು. ಸಪ್ಪೆ ತಲೆಬರಹ, ಆದರೆ ನಮ್ಮ ಹಾವು!

ಮನುಷ್ಯರ ಮೇಲೆ? ವರೆಸ್ಪ್ಲಾಡಿಬ್ ಮಾತ್ರೆಯನ್ನು ಅಮೆರಿಕ ಮತ್ತು ಭಾರತದಲ್ಲಿ 95 ಜನರ ಮೇಲೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಕೊಟ್ಟರು. ಎಲ್ಲರಿಗೂ ಎಎಸ್‌ವಿ ಸಮೇತ ಮಾಮೂಲಿ ಚಿಕಿತ್ಸೆ ಇತ್ತು. ಅದರ ಮೇಲೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಔಷಧಿಯಿಲ್ಲದ ಸುಳ್ಳು ಮಾತ್ರೆ. ಮುಖ್ಯ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಕಚ್ಚಿದ ಐದು ಗಂಟೆಯೊಳಗೆ ಮಾತ್ರೆ ಸಿಕ್ಕವರಲ್ಲಿ ಮಾತ್ರ ಸ್ವಲ್ಪ ಒಳ್ಳೆಯದು ಕಂಡಿತು. ಇದನ್ನು ಹಿಡಿದುಕೊಂಡು ಗೆದ್ದೆವು ಅನ್ನೋ ಹಾಗಿಲ್ಲ. ಸಣ್ಣ ಗುಂಪಿನೊಳಗಿನ ಇನ್ನೂ ಸಣ್ಣ ಗುಂಪು ಅದು. ಬೇಗ ಕೊಟ್ಟು ಮತ್ತೆ ದೊಡ್ಡದಾಗಿ ಪರೀಕ್ಷೆ ಮಾಡಬೇಕು. ನಮ್ಮ ಹುಡುಗನ ಮೊಬೈಲಿಗೆ ಈ ಸುದ್ದಿ ಬಂದೇ ಇಲ್ಲ, ಬರೋದೂ ಇಲ್ಲ. ನಾನು ಕಾಯುತ್ತಿರೋದು ಮಾತ್ರ ಇದಕ್ಕೇ. ಚಿಕ್ಕಪ್ಪನಿಗೆ ಮೊದಲ ಹನಿ ಎಎಸ್‌ವಿ ಬಿದ್ದಾಗ ರಾತ್ರಿ ಹತ್ತು ದಾಟಿತ್ತು, ಕಚ್ಚಿ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದು ಟವಲ್, ಒಂದು ಲೋಟ ಸೊಪ್ಪಿನ ರಸ. ಒಂದು ಮಾತ್ರೆ ಎಎಸ್‌ವಿಯ ಜಾಗಕ್ಕೆ ಬರಬೇಕಾಗಿಲ್ಲ. ದಾರಿಯಲ್ಲಿ ವಿಷದ ಕೈ ಹಿಡಿದು ನಿಲ್ಲಿಸಿಕೊಂಡರೂ ಸಾಕು. ಗಾಜಿನ ಟ್ಯೂಬು ಓರೆ ಮಾಡಿದಾಗ ಅದರೊಳಗೆ ಒಂದಿಷ್ಟು ಗಟ್ಟಿ ಕಂಡರೆ ಸಾಕು.

ಕಟ್ಟುಹಾವಿಗೆ ಇದು ಇನ್ನೂ ಮುಖ್ಯ. ಅದು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ. ನೋವೇ ಆಗಲ್ಲ. ಬೆಳಗ್ಗೆ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಇಳಿಬಿದ್ದು, ಮಾತು ತೊದಲುತ್ತೆ. ಅಷ್ಟರಲ್ಲಿ ನರದ ತುದಿ ಹಾಳಾಗಿರುತ್ತೆ, ಆಮೇಲೆ ಎಷ್ಟು ಎಎಸ್‌ವಿ ಹಾಕಿದರೂ ಆ ತುದಿ ತಾನಾಗಿ ಸರಿಹೋಗುವ ತನಕ ವೆಂಟಿಲೇಟರೇ ಗತಿ. ಹೊಟ್ಟೆನೋವಿಗೆ ಮಾತ್ರೆ ಕೊಡಿ ಅಂತ ಬೆಳಗ್ಗೆ ಏಳು ಗಂಟೆಗೆ ಅಂಗಡಿಗೆ ಬಂದವರ ಕಣ್ಣನ್ನು ನಾನು ಈಗ ಒಂದು ಸಲ ನೋಡಿಯೇ ಮಾತ್ರೆ ಕೊಡೋದು.

ಹುಡುಗನಿಗೆ ಇಷ್ಟೆಲ್ಲಾ ಹೇಳಲಿಲ್ಲ, ಅವನಿಗೂ ಮನೆಗೆ ಹೋಗಬೇಕಿತ್ತು. ಒಂದು ಮಾತ್ರ ಹೇಳಿದೆ. "ನಿಮ್ಮಮ್ಮಂಗೆ ತಗೊಂಡ್ಯಲ್ಲ ರಾಮಿಪ್ರಿಲ್, ಅದರ ಮುತ್ತಜ್ಜ ಹಾವಿನ ವಿಷ ಕಣೋ." ನಂಬಲಿಲ್ಲ. ಬ್ರೆಜಿಲ್‌ನಲ್ಲಿ ಜರರಾಕಾ ಅಂತ ಒಂದು ಮಂಡಲ ಜಾತಿ ಹಾವಿದೆ. ಅದು ಕಚ್ಚಿದರೆ ಬಿಪಿ ಕುಸಿದು ಬೀಳುತ್ತೆ. ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ ಆ ವಿಷದಲ್ಲಿ ಬಿಪಿಗೆ ಸಂಬಂಧಪಟ್ಟ ಸಣ್ಣ ತುಣುಕುಗಳನ್ನು ಹುಡುಕಿದರು. ಅದರ ಜಾಡು ಹಿಡಿದು ಹೋದವರು ಕ್ಯಾಪ್ಟೊಪ್ರಿಲ್ ಮಾಡಿದರು, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎನಾಲಾಪ್ರಿಲ್, ರಾಮಿಪ್ರಿಲ್ ಎಲ್ಲಾ ಅದರ ಮಕ್ಕಳು ಮೊಮ್ಮಕ್ಕಳು. ನಮ್ಮದೇ ಗರಗಸಮಂಡಲದ ವಿಷದ ಒಂದು ಪ್ರೋಟೀನ್ ನೋಡಿ ಮಾಡಿದ ಟೈರೋಫಿಬಾನ್ ಹಾರ್ಟ್ ಅಟ್ಯಾಕ್ ಆದವರಿಗೆ ಕೊಡುತ್ತಾರೆ. ಅಂದರೆ ಹಾವಿನಿಂದ ಪಟ್ಟಣದವರ ಕಾಯಿಲೆಗೆ ಔಷಧಿ ಮಾಡೋದು ನಲವತ್ತು ವರ್ಷದ ಹಿಂದೆಯೇ ಆಗಿದೆ, ಹಾವು ಕಚ್ಚಿದವರಿಗೆ ಮಾತ್ರ ಇನ್ನೂ ಕುದುರೆಯೇ. ಕೊಳ್ಳುವವರು ಯಾರು ಅಂತ ನೋಡಿದರೆ ಕಾರಣ ತಿಳಿಯುತ್ತೆ. ಬಿಪಿ ಮಾತ್ರೆ ದಿನಾ ಬೇಕು, ಎಲ್ಲಾ ದೇಶದಲ್ಲೂ ಬೇಕು. ಹಾವು ಕಚ್ಚೋದು ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ, ಅದೂ ಜೀವನದಲ್ಲಿ ಒಂದು ಸಲ.

ಸರ್ಕಾರದ ಕಡೆಯಿಂದ ಒಂದು ಒಳ್ಳೆಯದಾಗಿದೆ, ಅದನ್ನೂ ಹೇಳಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮುಂಚೆ ಎಷ್ಟು ಜನಕ್ಕೆ ಕಚ್ಚಿತು ಅನ್ನೋ ಲೆಕ್ಕವೇ ಸರಿಯಾಗಿ ಇರುತ್ತಿರಲಿಲ್ಲ. ಲೆಕ್ಕ ಇಲ್ಲದೆ ಯಾವ ಆಸ್ಪತ್ರೆಗೆ ಎಷ್ಟು ವಯಲ್ ಕಳಿಸಬೇಕು ಅಂತ ಹೇಗೆ ಗೊತ್ತಾಗಬೇಕು? ಚಿಕ್ಕಪ್ಪನಿಗೆ ಮೊದಲು ಸಿಕ್ಕ ಆ ಎರಡು ವಯಲ್ಲಿನ ಆಸ್ಪತ್ರೆಯ ಮೇಲೆ ನನಗೆ ಆವತ್ತು ತುಂಬಾ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಚಿಕ್ಕಪ್ಪನಿಗೆ ಇದನ್ನೆಲ್ಲಾ ಹೇಳಿದೆ, ಕಂಪ್ಯೂಟರಲ್ಲಿ ಮಾಡಿದ ಪ್ರೋಟೀನು, ಲಾರಿ ಮೆಕ್ಯಾನಿಕ್, ಜೇಬಲ್ಲಿಡುವ ಮಾತ್ರೆ. ಲಾರಿ ಮೆಕ್ಯಾನಿಕ್ ವಿಷಯಕ್ಕೆ ಬಿದ್ದು ಬಿದ್ದು ನಕ್ಕರು. "ಇನ್ನೂರು ಸಲನಾ? ನಂಗೆ ಒಂದೇ ಸಲಕ್ಕೆ ಸಾಕಾಯ್ತಪ್ಪ." ಮಾತ್ರೆಯದು ಗಮನ ಇಟ್ಟು ಕೇಳಿದರು. ಯಾವಾಗ ಬರುತ್ತೆ ಅಂದರು. ಇನ್ನೂ ವರ್ಷಗಳು ಹಿಡಿಯುತ್ತೆ, ಬಂದರೂ ಬರಬಹುದು ಬರದೆಯೂ ಇರಬಹುದು ಅಂದೆ. ನಾನು ತಂದುಕೊಟ್ಟ ಗಂಬೂಟು ಬಾಗಿಲ ಪಕ್ಕ ಹೊಸದಾಗಿಯೇ ಇತ್ತು. ಕಾಲು ಬೆವರುತ್ತೆ ಅಂತ ಹಾಕಲ್ಲ.

ಹೊರಡುವಾಗ ಕರೆದರು. "ಬಂದಾಗ ಹೇಳು, ಒಂದು ಡಬ್ಬಿ ತಗೋತೀನಿ. ಅಲ್ಲೀವರೆಗೂ ನಿಮ್ಮ ಅಂಗಡಿ ಪಕ್ಕದಲ್ಲಿ ದೊಡ್ಡ ಸೆಲ್ಲು ಸಿಗುತ್ತಲ್ಲ, ಎರಡು ಕಳಿಸಿಕೊಡೋ. ಬ್ಯಾಟರಿ ಮಂಕಾಗಿದೆ."